ಖಡಕ್ ರೊಟ್ಟಿ ಮತ್ತು ಅಕ್ಕನ ಎಕ್ಸ್‌ರೇ

ಸುಮ್ಮನೆ ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ವಾಡಿ ಜಂಕ್ಷನ್ನಿನಲ್ಲಿ ರೈಲು ತಡವೆಂದು ಗೊತ್ತಿದ್ದರೂ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಿರುತ್ತೇನೆ, ನಾನು ನಡೆದಷ್ಟೂ ರೈಲು ಹತ್ತಿರ ಬರುತ್ತದೋ ಎಂಬಂತೆ. ಇಂಥವನ ಕೈಗೆ ಸೇಡಂನ ಒಂದು ಸಣ್ಣ ಆಸ್ಪತ್ರೆಯವರು ತಮ್ಮ ಕಂಪ್ಯೂಟರುಗಳನ್ನು ಒಪ್ಪಿಸಿದ್ದಾರೆ.

ಅಲ್ಲಿನ ಎಕ್ಸ್‌ರೇ ಚಿತ್ರಗಳು ಕಲಬುರಗಿಯ ಡಾಕ್ಟರಿಗೆ ಹೋಗುವುದು ಹೊರಗಿನವರ ಕಣ್ಣಿಗೆ ಬೀಳದ ಗುಪ್ತ ದಾರಿಯಲ್ಲಿ. ಆ ದಾರಿ ಹಾಕಿಕೊಡುವ ಸಾಫ್ಟ್‌ವೇರ್, ಸರಕನ್ನು ಒತ್ತಿ ಚಿಕ್ಕದು ಮಾಡಿ ಸಾಗಿಸುತ್ತದೆ. ಈಚೆಗೆ ಬಂದ ಹೊಸ ಆವೃತ್ತಿಯಲ್ಲಿ ಒತ್ತುವುದಕ್ಕೂ ನಾಲ್ಕಾರು ವಿಧಾನ. ಒಂದು ಬೇಗ ಒತ್ತುತ್ತದೆ, ಇನ್ನೊಂದು ಬಿಗಿಯಾಗಿ ಒತ್ತುತ್ತದೆ, ಎಲ್ಲಕ್ಕೂ ಕೆಳಗೆ 'ಒತ್ತುವುದೇ ಬೇಡ' ಎಂಬುದೂ ಇದೆ. ಆರಿಸಿಕೋ ಎಂದರೆ ನನ್ನಂಥವನ ನೆಮ್ಮದಿ ಹಾಳಾಯಿತೆಂದೇ ತಿಳಿಯಿರಿ.

ಮೊನ್ನೆ ಚಿತ್ತಾಪುರದಿಂದ ಬಂದ ನನ್ನ ಅಕ್ಕ ಬಸ್ಸಿಳಿಯುವಾಗ ಜಾರಿ ಬಿದ್ದಳು. ಬಿದ್ದರೂ ಕೈಯ ರೊಟ್ಟಿಗಂಟು ಬಿಟ್ಟಿರಲಿಲ್ಲ. ನಮ್ಮ ಆಸ್ಪತ್ರೆಯಲ್ಲೇ ಮಲಗಿಸಿ ಸೊಂಟದ ಎಕ್ಸ್‌ರೇ ತೆಗೆದೆವು. ಆಪರೇಷನ್ ಬೇಕೋ ಬೇಡವೋ ಕಲಬುರಗಿಯ ಡಾಕ್ಟರೇ ಹೇಳಬೇಕು, ಅವರು ಸಂಜೆಗೆ ಹೊರಟುಬಿಡುವವರು. ಚಿತ್ರ ಹೋಗುತ್ತಿತ್ತು, ಆದರೆ ನಿಧಾನ. ನನಗೆ ಭಯ. ಭಯವಾದರೆ ನನ್ನ ಕೈ ಸುಮ್ಮನಿರದು. ಬಿಗಿಯಾಗಿ ಒತ್ತುವ ವಿಧಾನಕ್ಕೆ ಬದಲಿಸಿದೆ. ಸಂಪರ್ಕ ಇದೆಯೆನ್ನುವ ಹಸಿರು ದೀಪವೇನೋ ಉರಿಯಿತು, ಚಿತ್ರ ಮಾತ್ರ ಅಲ್ಲಾಡಲಿಲ್ಲ. ಇನ್ನೊಂದು ವಿಧಾನ ಹಿಡಿದೆ, ಮತ್ತೊಂದು ಹಿಡಿದೆ. ಊಹೂಂ.

ಕಲಬುರಗಿ ತುದಿಯ ಕಂಪ್ಯೂಟರ್ ನೋಡಿಕೊಳ್ಳುವ ಶರಣಪ್ಪನ ಫೋನ್ ಬಂತು. "ಏನರ ಮುಟ್ಟೀರೇನ್ರಿ? ನೀವು ಒತ್ತಿದ್ದು ನಮ್ಮ ಕಡಿ ಬಿಚ್ಚವಲ್ದು."

ಎರಡೂ ತುದಿಯವರು ಒಂದೇ ವಿಧಾನಕ್ಕೆ ಒಪ್ಪಬೇಕೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಗಾಬರಿಯಲ್ಲಿ ಮರೆತಿದ್ದೆ. ಫೋನ್ ಹಿಡಿದೇ ಮತ್ತೆ ಓಡಾಡತೊಡಗಿದೆ.

ಮಂಚದಿಂದ ಅಕ್ಕ ಗದರಿದಳು. "ಏ ತಮ್ಮಾ, ನೀ ತಿರಗೂದು ನೋಡಿ ನನ್ನ ಸೊಂಟ ಇನ್ನೂ ಭಾಳ ನೋಯಾಕತ್ತದ. ಗಂಟಿನ್ಯಾಗ ರೊಟ್ಟಿ ಅವ, ತಿಂದು ಕುಂದ್ರು."

ಗಂಟು ಬಿಚ್ಚಿದೆ. ಖಡಕ್ ರೊಟ್ಟಿ. ನೀರಿನ ಪಸೆಯೆಲ್ಲ ಮೊದಲೇ ಆರಿಸಿಟ್ಟದ್ದು, ಇನ್ನು ಒತ್ತಿದರೆ ಪುಡಿಯಾದೀತೇ ಹೊರತು ಚಿಕ್ಕದಾಗದು. ನಮ್ಮ ಎಕ್ಸ್‌ರೇ ಚಿತ್ರವೂ ಹಾಗೆಯೇ, ಯಂತ್ರದಿಂದ ಹೊರಬರುವಾಗಲೇ ಒತ್ತಿಸಿಕೊಂಡು ಬಂದಿರುತ್ತದೆ! ಶರಣಪ್ಪನಿಗೆ ಹೇಳಿ, ಇಬ್ಬರೂ 'ಒತ್ತುವುದೇ ಬೇಡ' ಎಂದು ಇಟ್ಟೆವು. ಚಿತ್ರ ತನ್ನ ಪಾಡಿಗೆ ತಾನು ಹೋಯಿತು.

ಹೊತ್ತು ಮುಳುಗುವ ಮುಂಚೆ ಡಾಕ್ಟರು ಫೋನಿನಲ್ಲಿ ಮಾತಾಡಿದರು. "ಎಲುಬು ಮುರಿದಿಲ್ರಿ, ಆಪರೇಷನ್ ಬ್ಯಾಡ. ಸ್ವಲ್ಪ ದಿನ ಅಲುಗಾಡ್ಲಾರ್ದ ಇರ್ಲಿ, ಸಾಕು."

ಮಂಚದ ಹತ್ತಿರ ಓಡಿ ಅಕ್ಕನಿಗೆ ಹೇಳಿದೆ. ಅವಳು ರೊಟ್ಟಿ ಮುರಿದು ನನ್ನ ಕೈಗಿಟ್ಟು ಅಂದಳು, "ಅಲುಗಾಡ್ಲಾರ್ದ ಇರೋ ಔಷಧ ನನಗ್ಯಾಕ ಕೊಟ್ಟಾರ? ನಿನಗ ಕೊಡಬೇಕಿತ್ತು."