ಪರಸ್ಥಾನದ ಚೀಲ

ದೊಡ್ಡಬಳ್ಳಾಪುರದ ನಮ್ಮ ಬೀದಿಯ ಭಜನೆಮನೆಯಲ್ಲಿ ಅದೇ ಬೀದಿಯ ಹಿರಿಯಾಕೆಯೊಬ್ಬರು ಹಳೆಯ ಕಾವ್ಯ ಓದಿ ಅರ್ಥ ಹೇಳುತ್ತಿದ್ದರು. ಕಥೆಯಲ್ಲಿ ಯಾರೇ ಊರು ಬಿಟ್ಟು ಹೊರಟರೂ ಕನ್ನಡಕ ಹಣೆಗೇರಿಸಿ, “ಹೆಗಲ ಚೀಲದಲ್ಲಿ ಏನಿದೆ ಹೇಳ್ರಮ್ಮ” ಎಂದು ನಮ್ಮನ್ನೇ ಕೇಳುವರು. ನಾವು ಅವಲಕ್ಕಿ, ಬೆಲ್ಲ ಅನ್ನುತ್ತಿದ್ದೆವು. “ಒಬ್ರಿಗಾಗೋಷ್ಟು. ಜೊತೆಗೆ ಯಾರೂ ಬೇಡ, ಆ ಚೀಲ ಸಾಕು” ಅನ್ನುವರು.

ಗಂಡ ತೀರಿಕೊಂಡ ಮೇಲೆ ಒಬ್ಬರೇ ಕಾಶಿಗೆ ಹೊರಟರು. ಹೊರಡುವ ದಿನ ಗಳಿಗೆ ಚೆನ್ನಾಗಿರಲಿಲ್ಲ. ಅದಕ್ಕೆ ಹಿಂದಿನ ದಿನ ಬೆಳಿಗ್ಗೆಯೇ ಒಳ್ಳೆಯ ಗಳಿಗೆಯಲ್ಲಿ ಚೀಲವನ್ನು ನಮ್ಮ ಮನೆಯಲ್ಲಿ ಪರಸ್ಥಾನ ಇಟ್ಟರು. ಹಾಗೆ ಚೀಲ ಬೇರೆ ಮನೆ ಸೇರಿತೆಂದರೆ ಪ್ರಯಾಣ ಶುರುವಾದಂತೆ; ಅದು ಹಿಂದಕ್ಕೆ ಹೋಗಬಾರದು. ನಾನು ಅದನ್ನು ದೇವರ ಮುಂದಿಟ್ಟೆ.

ಸಂಜೆ ಅವರ ಮೈದುನ ಬಂದ. “ಆ ಚೀಲ ಕೊಡ್ರಕ್ಕಾ. ಒಂಟಿ ಹೆಂಗ್ಸನ್ನ ಅಷ್ಟು ದೂರ ಕಳಿಸಿದ್ರೆ ಜನ ನಮ್ಮ ಮುಖಕ್ಕೆ ಉಗೀತಾರೆ.”

ಹಿಂದೆಯೇ ಆಕೆ ಬಂದರು. “ನಾನು ಆಗ್ಲೇ ಹೊರಟಾಯ್ತು ಕಣಪ್ಪಾ.”

“ಎಲ್ಲಿ ಹೊರಟ್ರಿ ಅತ್ತಿಗೆ? ಮಧ್ಯಾಹ್ನ ನಮ್ಮನೇಲೇ ಉಂಡ್ರಲ್ಲ.”

“ದಾರೀಲಿ ಸಿಕ್ಕಿದ ಮನೇಲಿ ಉಂಡೆ.”

ಆತ ನನ್ನ ಕಡೆ ತಿರುಗಿದ. ನನಗೆ ಎದುರು ಮಾತಾಡಿ ಅಭ್ಯಾಸವಿಲ್ಲ. ಆದರೂ, “ಪರಸ್ಥಾನ ಕೆಡಿಸಿದ ಪಾಪ ನಂಗ್ಯಾಕೆ? ಕೊಡಲ್ಲ” ಅಂದುಬಿಟ್ಟೆ. ಆ ಹೊತ್ತಿಗೆ ದೇವರು ಬಾಯಿ ಕೊಟ್ಟ, ಅಷ್ಟು ಸಾಕು.

ಆಕೆ ತಮ್ಮ ಮನೆಗೆ ಹೋಗಲಿಲ್ಲ, ನಮ್ಮ ಪಡಸಾಲೆಯಲ್ಲೇ ಮಲಗಿದರು. ಬಸ್ ಸ್ಟ್ಯಾಂಡಿಗೆ ಹಿಂದಿನ ಓಣಿಯೇ ಹತ್ತಿರ. ಆದರೆ ಬೆಳಿಗ್ಗೆ ಚೀಲ ಹೆಗಲಿಗೇರಿಸಿ, ಮೈದುನ ತನ್ನ ಮನೆ ಜಗುಲಿಯ ಮೇಲೆ ಕೂತಿರುವಾಗಲೇ ಅವನ ಮುಂದೆ ನಿಧಾನವಾಗಿ ನಡೆದುಹೋದರು.