ಕೈ ನೋಡುವ ಕಾಕ

ಕಳೆದ ವಾರ ಕಡಬದ ಒಂದು ಮನೆಯಲ್ಲಿ ಹಳೆ ಗೋಡೆ ಕೆರೆಯುತ್ತಿದ್ದೆವು. ಸುಣ್ಣದ ಪುಡಿ ಉದುರಿ ಅದರ ವಾಸನೆ ಮೂಗಿಗೆ ಅಡರಿತು. ಅದರ ಹಿಂದೆಯೇ ಸುಳ್ಯದ ಪೇಂಟಂಗಡಿಯ ಕಾಕ ನೆನಪಾದರು... ಬಿಳಿ ಟೊಪ್ಪಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್, ಗಿರಾಕಿ ಬಂದ ಕೂಡಲೇ "ಕೈ ತೋರಿಸಿ" ಎನ್ನುವ ದರ್ಪ.

ಹದಿನೈದು ವರ್ಷದ ಹಿಂದಿನ ಮಾತು. ಪಂಜದ ನಮ್ಮ ಮಹಿಳಾ ಸಂಘದ ಮೂವರು ಅಂಗನವಾಡಿಗೆ ಬಣ್ಣ ಬಳಿಯಲು ಒಪ್ಪಿಕೊಂಡಿದ್ದೆವು. ಬೀಡಿ ಕಟ್ಟಿ ಕಟ್ಟಿ ಬೆನ್ನು ಹೋದವರು ನಾವು. ಇದು ಚೆನ್ನಾಗಿ ಬಂದರೆ ಶಾಲೆಯ ಕೆಲಸವೂ ನಮಗೇ, ಕೆಟ್ಟರೆ ಮತ್ತೆ ಬೀಡಿಯ ಮೊರವೇ ಗತಿ. ಹೆಂಗಸರು ರಂಗೋಲಿ ಹಾಕಲು ಹೊರಟಿದ್ದಾರೆ ಎಂದು ಊರಲ್ಲಿ ನಗುವವರಿಗೇನೂ ಕಡಿಮೆ ಇರಲಿಲ್ಲ.

ನಾನು ಜಂಬದಿಂದ ಅಂಗಡಿಗೆ ಹೋಗಿ, ಇರುವುದರಲ್ಲೇ ಉದ್ದ ರೋಮದ ರೋಲರ್ ಕೇಳಿದೆ. ಹೆಚ್ಚು ಬಣ್ಣ ಹೀರಿದರೆ ಕೆಲಸ ಬೇಗ ಮುಗಿಯುತ್ತದೆ ಎಂದುಕೊಂಡಿದ್ದೆ.

"ಗೋಡೆ ಹೇಗುಂಟು?" ಎಂದರು ಕಾಕ.

"ಗೋಡೆ ಗೋಡೆಯ ಹಾಗೇ ಉಂಟು."

"ಮುಟ್ಟಿ ನೋಡ್ಲಿಲ್ವಾ? ಹಾಗಾದ್ರೆ ನಾನು ಕೊಡುದಿಲ್ಲ ಮಾರಾಯ್ರೆ. ಹೋಗಿ ಗೋಡೆಗೆ ಕೈ ಉಜ್ಜಿ. ತೊಳೀಬೇಡಿ, ಹಾಗೇ ಬನ್ನಿ."

ಸಿಟ್ಟು ನೆತ್ತಿಗೇರಿತು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕಾಕನಿಗೆ ಮಂಗಳಾರತಿ ಎತ್ತಿದೆ. ಆದರೂ ಮರುದಿನ ಒಳಗೋಡೆಗೆ ಬಲಗೈ, ಹೊರಗೋಡೆಗೆ ಎಡಗೈ ಉಜ್ಜಿಕೊಂಡು ಹೊರಟೆ. ಬಸ್ಸಿನಲ್ಲಿ ಎರಡೂ ಅಂಗೈ ಮೇಲೆ ಮಾಡಿ ಕೂತವಳನ್ನು ನೋಡಿ ಕಂಡಕ್ಟರ್ ನಕ್ಕ.

ಕಾಕ ಕನ್ನಡಕ ಏರಿಸಿ, ಜ್ಯೋತಿಷಿಯ ಹಾಗೆ ಬಲಗೈ ನೋಡಿದರು. ಅದು ಬೆಳ್ಳಗಾಗಿತ್ತು.

"ಸುಣ್ಣ ಉಂಟು. ಇದರ ಮೇಲೆ ಬಣ್ಣ ಬಳಿದ್ರೆ ಹಪ್ಪಳದ ಹಾಗೆ ಏಳ್ತದೆ. ಮೊದಲು ಕೆರೀರಿ, ಪ್ರೈಮರ್ ಹೊಡೀರಿ. ನುಣುಪು ಗೋಡೆ, ಗಿಡ್ಡ ರೋಮದ ರೋಲರ್ ಸಾಕು."

ಎಡಗೈಯಲ್ಲಿ ಗೀರು ಬಿದ್ದಿತ್ತು. ಹೊರಗಿನದು ಮರಳು ಮರಳು ಗೋಡೆ, ಅದಕ್ಕೆ ಮಾತ್ರ ನಾನು ಕೇಳಿದ ಉದ್ದ ರೋಮದ್ದು ಎಂದರು. ಮೂಲೆಗಳಿಗೆಂದು ಎರಡಿಂಚಿನ ಬ್ರಷ್ ತೆಗೆದು, ಕೂದಲು ಎಳೆದು ನೋಡಿದರು. ಕೂದಲು ಉದುರಿದ ಮೂರು ಬ್ರಷ್‌ಗಳನ್ನು ತಮ್ಮದೇ ಅಂಗಡಿಯ ಮಾಲಾದರೂ ಬೈದು ಬದಿಗಿಟ್ಟು, ನಾಲ್ಕನೆಯದನ್ನು ಕೊಟ್ಟರು. ಹೊಸ ರೋಲರನ್ನು ತೊಳೆದು ಒಣಗಿಸಿಯೇ ಬಣ್ಣಕ್ಕೆ ಅದ್ದಬೇಕು, ಇಲ್ಲದಿದ್ದರೆ ನೂಲು ಗೋಡೆಗೆ ಅಂಟುತ್ತದೆ ಎಂಬುದನ್ನೂ ಅಂದೇ ಕಲಿತೆ.

ಅಂಗನವಾಡಿಯ ಬಣ್ಣ ಒಣಗಿದ ಮೇಲೆ ಕಾಕ ತಾವಾಗಿಯೇ ಪಂಜಕ್ಕೆ ಬಂದರು. ಗೋಡೆಗೆ ಅಂಗೈ ಉಜ್ಜಿ ನನ್ನ ಮುಂದೆ ಹಿಡಿದರು.

"ಎಂತ ಕಾಣ್ತದೆ?"

"ಎಂತದೂ ಇಲ್ಲ ಕಾಕ."

"ಹಾಗಾದ್ರೆ ಪಾಸ್."

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಶಾಲೆಯ ಕೆಲಸ ನಮಗೇ ಬಂತು. ಬೀಡಿಯ ಮೊರ ಅಟ್ಟ ಸೇರಿತು.

ಕಾಕ ತೀರಿಹೋಗಿ ಒಂದು ವರ್ಷವಾಯಿತು. ನಾನಾಗ ಪುತ್ತೂರಿನಲ್ಲಿ ಕೆಲಸದ ಮೇಲಿದ್ದೆ, ಮುಖ ನೋಡಲೂ ಆಗಲಿಲ್ಲ... ಆ ಸಂಕಟ ಇನ್ನೂ ಇದೆ. ಮೊನ್ನೆ ಹೊಸ ಅಂಗಡಿಯೊಂದರಲ್ಲಿ ಅಭ್ಯಾಸಬಲದಿಂದ ಅಂಗೈ ಚಾಚಿದೆ. ಕೌಂಟರಿನಲ್ಲಿದ್ದವಳು ಅದಕ್ಕೆ ಸ್ಯಾನಿಟೈಸರ್ ಹಾಕಿದಳು. ನಗು ಬಂತು.

ಈಗ ನಮ್ಮ ತಂಡದಲ್ಲಿ ಒಂಬತ್ತು ಜನ. ಕಡಬದ ಮನೆಯ ಕೆಲಸ ನಿನ್ನೆ ಮುಗಿಯಿತು. ಬೀಡಿ ಬಿಟ್ಟು ಹೊಸದಾಗಿ ಸೇರಿದವಳೊಬ್ಬಳು ತಾನು ಬಳಿದ ಗೋಡೆಗೆ ಅಂಗೈ ಉಜ್ಜಿ, ಹೆದರುತ್ತಲೇ ನನ್ನ ಮುಂದೆ ಹಿಡಿದಳು.

"ಅಕ್ಕ, ಎಂತದೂ ಇಲ್ಲ ಅಲ್ವಾ?"

ಎಂತದೂ ಇರಲಿಲ್ಲ. ಆ ಕೈಯನ್ನು ಕಾಕ ಒಮ್ಮೆ ನೋಡಬೇಕಿತ್ತು...