ಮಾವನ ಪಾಳಿ, ನನ್ನ ಪಾಳಿ

ಮದುವೆಯಾಗಿ ಬಸವನ ಬಾಗೇವಾಡಿಗೆ ಬಂದಾಗ ನನ್ನ ಸಾಮಾನಿನ ಜೊತೆ ಒಂದು ಹಳೆಯ ಕಂಪ್ಯೂಟರೂ ಬಂತು. ನನ್ನ ತವರೂರು ಇಂಡಿಯಲ್ಲಿ ಅಬ್ಬಾನ ಡಿಟಿಪಿ ಅಂಗಡಿಯಲ್ಲಿ ಮದುವೆ ಕಾರ್ಡು, ನಿಂಬೆಹಣ್ಣಿನ ವ್ಯಾಪಾರಿಗಳ ಲೆಟರ್‌ಹೆಡ್ಡು ತಯಾರಿಸಿ ದಣಿದಿದ್ದ ಯಂತ್ರ ಅದು. ಅಬ್ಬಾ ಹೊಸದು ತಂದಾಗ, ‘ಪ್ರಶ್ನೆಪತ್ರಿಕೆ ಟೈಪ್ ಮಾಡಾಕ ಬೇಕು’ ಅಂತ ಹೇಳಿ ಹಳೆಯದನ್ನು ನಾನು ಎತ್ತಿಕೊಂಡೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಹೀಗಾಗಿ ಎಲ್ಲರೂ ನಂಬಿದರು. ನಿಜ ಏನೆಂದರೆ, ಅದರೊಳಗೆ ನನ್ನ ಆಟವಿತ್ತು.

ಕಾಲೇಜಿನ ದಿನಗಳಲ್ಲಿ ಅಣ್ಣ ಹಾಕಿಕೊಟ್ಟ ಆಟ. ಒಂದು ನಕಾಶೆ, ಅದರ ಮೇಲೆಲ್ಲ ಕತ್ತಲೆ. ನಿಮಗೊಂದು ಕೋಟೆ, ಒಬ್ಬ ದಳಪತಿ, ಹಿಡಿಯಷ್ಟು ದಂಡು. ದಳಪತಿ ನಡೆದಷ್ಟು ದಾರಿ ಬೆಳಕಾಗುತ್ತದೆ. ಕಟ್ಟಿಗೆ, ಕಲ್ಲು, ಹರಳು ಕೂಡಿಸಬೇಕು, ಊರು ಕಟ್ಟಬೇಕು. ವಾರಕ್ಕೊಮ್ಮೆ ಊರಲ್ಲಿ ಹೊಸ ಪ್ರಾಣಿಗಳು ಹುಟ್ಟುತ್ತವೆ: ಹದ್ದಿನ ಮುಖದ ಸಿಂಹ, ಕೋಡಿರುವ ಕುದುರೆ, ಬೆಂಕಿ ಉಗುಳುವ ಹಾವು. ಎದುರಾಳಿಯೂ ಕತ್ತಲೆಯಲ್ಲಿ ಎಲ್ಲೋ ಇದನ್ನೇ ಮಾಡುತ್ತಿರುತ್ತಾನೆ. ಒಂದು ಪಾಳಿ ಅಂದರೆ ಆಟದ ಒಂದು ದಿನ. ಮುಖ್ಯವಾದ ಮಾತೆಂದರೆ ಯಾವುದಕ್ಕೂ ಅವಸರವಿಲ್ಲ. ನಿಮ್ಮ ಪಾಳಿ ಮುಗಿಸಿ ಗುಂಡಿ ಒತ್ತುವ ತನಕ ಇಡೀ ಲೋಕ ನಿಂತಿರುತ್ತದೆ. ಅನ್ನಕ್ಕಿಟ್ಟು ಬರಬಹುದು, ಬಟ್ಟೆ ಒಣಹಾಕಿ ಬರಬಹುದು.

ನನ್ನ ಮಾವ ದನದ ದವಾಖಾನೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಸಿಂದಗಿ ತಾಲೂಕಿನ ಹಳ್ಳಿಗಳಲ್ಲೇ, ಅದರಲ್ಲೂ ಯಂಕಂಚಿ ಕಡೆಗೇ, ಬಹಳ ವರ್ಷ ಇದ್ದರು. ಮಾತು ಕಡಿಮೆ. ಸೊಸೆಯ ಜೊತೆಗಂತೂ ಇನ್ನೂ ಕಡಿಮೆ. ನಾನು ಎದುರಿಗೇ ನಿಂತಿದ್ದರೂ ಅತ್ತೆಯ ಕಡೆ ತಿರುಗಿ, ‘ಅಕಿಗಿ ಬಸ್ ಸಿಕ್ಕಿತ್ತಂತೇನು ಕೇಳು’ ಅನ್ನುವರು. ನಾನೂ ಅತ್ತೆಗೇ ಉತ್ತರ ಹೇಳುತ್ತಿದ್ದೆ. ಮೊದಲ ವರ್ಷ ಪೂರ್ತಿ ನಾವಿಬ್ಬರೂ ಹೀಗೇ ಮಾತಾಡಿದೆವು.

ಒಂದು ದಿನ ಶಾಲೆಯಿಂದ ಬಂದು ಆಡುತ್ತ ಕೂತಿದ್ದೆ. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದ ಮಾವ ಬಾಗಿಲಲ್ಲೇ ನಿಂತು ಪರದೆ ನೋಡಿದರು. ನಾನು ಗಡಬಡಿಸಿ ಎದ್ದೆ.

‘ಆ ಕುದರಿಗೆ ಕೋಡು ಹೆಂಗ ಬಂತು?’ ಅಂದರು. ಅತ್ತೆ ಅಡುಗೆಮನೆಯಲ್ಲಿದ್ದರು. ಕೇಳಿದ್ದು ನನ್ನನ್ನೇ.

‘ಆಟದಾಗ ಹಂಗ ಐತ್ರಿ ಮಾಮಾ.’

‘ಮೇವು ಏನ ಹಾಕ್ತಾರ?’

‘ಹಾಕೂದಿಲ್ರಿ. ವಾರಕ್ಕೊಮ್ಮೆ ತಾವ ಹುಟ್ಟತಾವ.’

ಮಾವ ತಲೆ ಅಲ್ಲಾಡಿಸಿದರು. ಮರುದಿನ ಅದೇ ಹೊತ್ತಿಗೆ ಮತ್ತೆ ಬಾಗಿಲಲ್ಲಿದ್ದರು. ನಾಲ್ಕನೆಯ ದಿನ ನಾನೇ ಧೈರ್ಯ ಮಾಡಿ, ಈ ಆಟವನ್ನು ಇಬ್ಬರೂ ಆಡಬಹುದು ಅಂದೆ. ಒಂದೇ ಕಂಪ್ಯೂಟರು, ಒಂದೇ ಕುರ್ಚಿ. ಒಬ್ಬರು ಪಾಳಿ ಮುಗಿಸಿ ಎದ್ದು ಹೊರಗೆ ಹೋಗಬೇಕು, ಆಗ ಇನ್ನೊಬ್ಬರು ಬಂದು ಕೂರಬೇಕು. ಒಬ್ಬರ ದಂಡು ಇನ್ನೊಬ್ಬರಿಗೆ ಕಾಣಬಾರದು. ಮಾವ ಒಪ್ಪಿದ್ದಕ್ಕೆ ಇದೇ ಕಾರಣ ಅಂತ ಕಾಣುತ್ತದೆ. ಸೊಸೆಯ ಬಾಜೂ ಕೂರುವ ಪ್ರಸಂಗವೇ ಬರುವುದಿಲ್ಲವಲ್ಲ.

ಊರು ಆರಿಸುವಾಗ ಎಲುಬಿನ ದಂಡಿನ ಊರು ತೋರಿಸಿದೆ. ಸತ್ತವರನ್ನು ಎಬ್ಬಿಸಿ ಕಾದಾಟಕ್ಕೆ ಕರೆದೊಯ್ಯುವ ಊರದು. ಗೆಲ್ಲುವುದು ಅದರಲ್ಲೇ ಸುಲಭ.

‘ಬ್ಯಾಡ,’ ಅಂದರು ಮಾವ. ‘ಸತ್ತವರನ್ನ ದುಡಸಬಾರದು.’

ಅವರು ಕಾಡಿನ ಊರು ಆರಿಸಿದರು, ಕೋಡಿನ ಕುದುರೆಗಳಿದ್ದದ್ದು. ನನ್ನದು ಕಲ್ಲಿನ ಕೋಟೆ. ಇಂಗ್ಲಿಷು ಅವರಿಗೆ ಸರಾಗ ಬರುತ್ತಿರಲಿಲ್ಲ, ಆದರೆ ಪ್ರಾಣಿಗಳನ್ನು ಮುಖ ನೋಡಿಯೇ ಗುರುತಿಟ್ಟರು. ಹೊಸ ಪ್ರಾಣಿ ಹುಟ್ಟುವ ದಿನಕ್ಕೆ ಸಂತಿ ದಿನ ಅಂತ ಹೆಸರಿಟ್ಟರು. ಕಾದಾಟದಲ್ಲಿ ಒಂದು ಕುದುರೆ ಸತ್ತರೂ ‘ಛೆ’ ಅನ್ನುವುದು ಅಂಗಳದಲ್ಲಿ ನಿಂತ ನನಗೆ ಕೇಳುತ್ತಿತ್ತು. ದಿನಕ್ಕೆ ಅವರದು ಮೂರು ಪಾಳಿ, ನನ್ನದು ಮೂರು. ಹೊತ್ತು ಮುಳುಗಿ ಮಗರಿಬ್ ನಮಾಜಿನ ಹೊತ್ತಿಗೆ ಆಟ ಮುಚ್ಚುತ್ತಿದ್ದೆವು.

ಹೊಸ ಆಟಗಳು ಬರದೆ ಇರಲಿಲ್ಲ. ಇದೇ ಆಟದ ಹೊಸ ಅವತಾರವೊಂದನ್ನು ನನ್ನ ಗಂಡ ತಮ್ಮ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟರು. ಬೆಟ್ಟ, ಮೋಡ, ನೀರು ಎಲ್ಲ ಖರೆ ಇದ್ದ ಹಾಗೆ, ಇಡೀ ನಕಾಶೆಯನ್ನು ಸುತ್ತ ತಿರುಗಿಸಿ ನೋಡಬಹುದಿತ್ತು. ಮಾವ ಒಂದು ಪಾಳಿ ಆಡಿ ಎದ್ದರು. ‘ಅದೂ ತಿರಗತೈತಿ, ನನ್ನ ತಲಿನೂ ತಿರಗತೈತಿ. ನಮ್ಮದ ಹಚ್ಚು,’ ಅಂದರು. ‘ನಮ್ಮದು’ ಅಂದದ್ದು ನನಗೆ ಬಹಳ ಹಿತವಾಯಿತು.

ಆಮೇಲೆ ಮಾವ ಮುದ್ದೇಬಿಹಾಳಕ್ಕೆ ಹೋಗಬೇಕಾಯಿತು. ಅಲ್ಲಿ ನನ್ನ ನಾದಿನಿ ಮನೆ ಕಟ್ಟಿಸುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ನೌಕರಿಗೆ ಹೋಗುವವರು, ಗೋಡೆಗೆ ನೀರು ಹೊಡೆಸಲು, ಗೌಂಡಿಗಳ ಮೇಲೆ ಕಣ್ಣಿಡಲು ಹಿರಿಯರು ಬೇಕಿತ್ತು. ಅವರು ಹೊರಟಾಗ ಆಟ ಅರ್ಧಕ್ಕೆ ನಿಂತಿತ್ತು, ಅವರದೇ ಪಾಳಿಯಲ್ಲಿ. ಒಂದು ವಾರ ನಾನು ಅದನ್ನು ತೆರೆಯಲಿಲ್ಲ. ಎಂಟನೆಯ ದಿನ ಅವರೇ ಫೋನು ಮಾಡಿದರು. ಅದುವರೆಗೆ ನನ್ನ ನಂಬರಿಗೆ ಅವರು ಒಮ್ಮೆಯೂ ಫೋನು ಮಾಡಿದವರಲ್ಲ.

‘ನನ್ನ ಪಾಳಿ ನೀನ ಆಡು. ನಾ ಹೇಳ್ತೇನಿ.’

‘ನಾ ಆಡಿದ್ರ ನಿಮ್ಮ ದಂಡೆಲ್ಲಾ ನನಗ ಕಾಣತೈತಿ, ಮಾಮಾ.’

‘ಕಾಣಲಿ. ಮರತು ಆಡು.’

‘ಕಂಡದ್ದು ಹೆಂಗ ಮರೀಲ್ರಿ?’

‘ಪೇಪರ ತಿದ್ದೂ ಮುಂದ ಇದು ಯಾರ ಪೇಪರ ಅನ್ನೂದು ಮರೀತಿ ಇಲ್ಲೋ? ಹಂಗ.’

ಹೀಗೆ ಫೋನಿನಲ್ಲಿ ಆಟ ಮುಂದುವರಿಯಿತು. ಅವರ ಹಿಂದೆ ಗೌಂಡಿಗಳು ಕರಣೆಯಿಂದ ಗೋಡೆಗೆ ಗಿಲಾವು ಉಜ್ಜುವ ಸಪ್ಪಳ ಕೇಳುತ್ತಿರುತ್ತಿತ್ತು, ನಡುನಡುವೆ ‘ಏ, ಮೂಲಿಗೆ ನೀರ ಬಿದ್ದಿಲ್ಲ ನೋಡು’ ಅಂತ ಕೂಗುವರು. ಕೆಲವು ದಿನಗಳಾದ ಮೇಲೆ ಒಂದು ಸಂಜೆ ಅವರು ತಮ್ಮ ಇಡೀ ದಂಡನ್ನು ನೆಲದಡಿಯ ದಾರಿಗೆ ಇಳಿಸು ಅಂದರು. ಇಳಿಸಿದೆ. ಆ ದಾರಿ ಎಲ್ಲಿ ಮೇಲೆ ಬರುತ್ತದೆ ಎನ್ನುವುದು ನನಗೆ ಗೊತ್ತಿತ್ತು. ನನ್ನ ಕೋಟೆಯ ಹಿಂದೆ, ಎರಡು ದಿನದ ನಡಿಗೆ. ಕೋಟೆಯಲ್ಲಿದ್ದವರು ಹನ್ನೆರಡು ಬಿಲ್ಲುಗಾರರು ಮಾತ್ರ. ನನ್ನ ದೊಡ್ಡ ದಂಡು ಹಿಮದ ಸೀಮೆಯಲ್ಲಿ, ಹಾವಿನ ಗವಿಯ ಹತ್ತಿರ ಇತ್ತು.

ಫೋನು ಇಟ್ಟು ನನ್ನ ಪಾಳಿಗೆ ಕೂತೆ. ದಂಡನ್ನು ಹಿಂದಕ್ಕೆ ತಿರುಗಿಸಿದರೆ ಕೋಟೆ ಉಳಿಯುತ್ತಿತ್ತು. ಆದರೆ ನೋಡದೆ ಇದ್ದಿದ್ದರೆ ತಿರುಗಿಸುತ್ತಿದ್ದೆನೇ? ಇಲ್ಲ, ಗವಿಗೇ ಹೋಗುತ್ತಿದ್ದೆ. ಎದ್ದು ಚಹಾ ಮಾಡಿದೆ, ಕುಡಿದೆ, ಮತ್ತೆ ಬಂದು ಕೂತೆ. ಆಟದ ಲೋಕ ಹಾಗೇ ಕಾಯುತ್ತ ನಿಂತಿತ್ತು. ಕೊನೆಗೆ ಗವಿಯ ಕಡೆಗೇ ನಡೆದೆ. ಹೊಟ್ಟೆ ಉರಿಯಲಿಲ್ಲ ಅಂತ ಹೇಳಿದರೆ ಸುಳ್ಳಾದೀತು.

ಆಟದ ಮೂರನೆಯ ದಿನ ನನ್ನ ಕೈಯಾರೆ ನನ್ನ ಕೋಟೆಯನ್ನು ಅವರಿಗೆ ಗೆದ್ದುಕೊಟ್ಟೆ.

‘ಊರು ಬಂತ್ರಿ ಮಾಮಾ.’

‘ಎಷ್ಟು ಮಂದಿ ಇದ್ರು?’

‘ಹನ್ನೆರಡು.’

‘ನಾ ಬರೂದು ನೀ ನೋಡಿದ್ದಿ.’

‘ನೋಡೇನ್ರಿ. ಮರತಿದ್ದೆ.’

‘ಬಂದ್ ಮಾಡು. ನಾ ಬಂದ ಮ್ಯಾಲ ಆಡೂಣು,’ ಅಂದು ಫೋನು ಇಟ್ಟರು.

ಆ ಫೋನಿನ ಎರಡನೆಯ ದಿನವೇ ಮಾವ ಬಸ್ಸಿಳಿದು ಮನೆಗೆ ಬಂದರು. ಗಿಲಾವು ಮುಗಿಯಿತು ಅಂದರು. ಆದರೆ ಇನ್ನೂ ಹಿತ್ತಿಲ ಗೋಡೆ ಬಾಕಿ ಐತಿ ಅಂತ ನಾದಿನಿ ಫೋನಿನಲ್ಲಿ ಅತ್ತೆಯ ಮುಂದೆ ನಗುತ್ತಿದ್ದಳು.

ಆಟದಲ್ಲಿ ಊರು ಕಳೆದುಕೊಂಡವರಿಗೆ ಏಳು ದಿನದ ವಾಯಿದೆ. ಅಷ್ಟರಲ್ಲಿ ಇನ್ನೊಂದು ಊರು ಹಿಡಿಯದಿದ್ದರೆ ಸೋತಂತೆ. ಗವಿಯಲ್ಲಿ ನನಗೆ ಎರಡು ಬೆಂಕಿ ಹಾವು ಸಿಕ್ಕಿದ್ದವು. ಅವನ್ನು ಕಟ್ಟಿಕೊಂಡು ನಡೆದೆ. ನಾನು ಕುರ್ಚಿ ಬಿಟ್ಟು ಏಳುವಾಗ ಪ್ರತಿ ಸಲವೂ ಮಾವ, ‘ಎಲ್ಲಿ ಹೊಂಟಿ?’ ಅಂತ ಕೇಳುವರು. ನಾನು ಹೇಳುತ್ತಿರಲಿಲ್ಲ. ಏಳನೆಯ ದಿನ ಅವರ ಕಾಡಿನ ಊರು ತಲುಪಿದೆ. ಅಲ್ಲಿ ಯಾರೂ ಇರಲಿಲ್ಲ. ಇಡೀ ದಂಡು ನನ್ನ ಕೋಟೆಯೊಳಗೆ ಕೂತಿತ್ತಲ್ಲ!

ತಮ್ಮ ಪಾಳಿಗೆ ಬಂದು ಕೂತ ಮಾವ ಪರದೆಯನ್ನೇ ದಿಟ್ಟಿಸಿ ನೋಡಿದರು. ಆಮೇಲೆ ನಕ್ಕರು. ಹೊಟ್ಟೆ ಕುಣಿಸಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ‘ಏನಾತ್ರಿ?’

‘ನಿನ್ನ ಸೊಸಿ ನನ್ನ ಊರು ಹೊಡದಾಳ. ನಾ ಅಕಿ ಊರಾಗ ಕುಂತೇನಿ, ಅಕಿ ನನ್ನ ಊರಾಗ. ಈಗ ಯಾರು ಗೆದ್ದಂಗ?’

‘ಯಾರರ ಗೆಲ್ರಿ, ರೊಟ್ಟಿ ಸೀದ ಹೋಗತಾವ,’ ಅಂತ ಅತ್ತೆ ಒಳಗೆ ಹೋದರು.

ಆ ಆಟ ಇನ್ನೂ ಒಂದು ತಿಂಗಳು ನಡೆದು ಕೊನೆಗೆ ಮಾವ ಗೆದ್ದರು. ನನಗೆ ಬೇಸರವಾಗಲಿಲ್ಲ. ಹೊರಗೆ ಹೋಗಬೇಕೆಂಬ ನಿಯಮ ಅಷ್ಟರಲ್ಲಿ ಸಡಿಲಾಗಿತ್ತು. ಒಬ್ಬರು ಆಡುವಾಗ ಇನ್ನೊಬ್ಬರು ಗೋಡೆ ಕಡೆ ಮುಖ ಮಾಡಿ ಅಲ್ಲೇ ಕೂರುತ್ತಿದ್ದೆವು. ಯಂಕಂಚಿಯಲ್ಲಿ ಬಾವಿಗೆ ಬಿದ್ದ ಎಮ್ಮೆಯನ್ನು ಹೊರಸಿನ ಮಂಚಕ್ಕೆ ಕಟ್ಟಿ ಮೇಲೆತ್ತಿದ ಕತೆ, ಚುಚ್ಚುಮದ್ದಿಗೆ ಹೆದರಿ ದನದ ಬದಲು ಒಡೆಯನೇ ಓಡಿಹೋದ ಕತೆ, ಎಲ್ಲ ನಾನು ಕೇಳಿದ್ದು ಗೋಡೆ ನೋಡುತ್ತಲೇ. ನನ್ನ ಗಂಡನಿಗೂ ಆ ಕತೆಗಳು ಗೊತ್ತಿರಲಿಲ್ಲ.

ಅಬ್ಬಾನ ಕಂಪ್ಯೂಟರು ಈಗಿಲ್ಲ. ಆಟವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದೇವೆ. ಕಣ್ಣಿನ ಆಪರೇಷನ್ ಆದ ಮೇಲೆ ಮಾವನಿಗೆ ಬಣ್ಣಗಳು ಮತ್ತೆ ಸ್ಪಷ್ಟ ಕಾಣುತ್ತವೆ. ಕಾಡಿನ ಊರಿನ ಹಸಿರು ಇಷ್ಟು ಚೊಲೊ ಇತ್ತು ಅನ್ನುವುದು ತಮಗೆ ನೆನಪೇ ಇರಲಿಲ್ಲ ಅನ್ನುತ್ತಾರೆ. ಈ ಸಲ ನನಗೊಂದು ಹೊಸ ನಕಾಶೆ ಸಿಕ್ಕಿದೆ, ನಡುವೆ ದೊಡ್ಡ ಕೆರೆ. ಹಡಗು ಕಟ್ಟುವುದೋ ಬೇಡವೋ ಅಂತ ಮಾವ ಎರಡು ದಿನದಿಂದ ಯೋಚಿಸುತ್ತಿದ್ದಾರೆ. ಪಾಳಿ ಅವರದು, ನಾನು ಪಡಸಾಲೆಯಲ್ಲಿ ಕೂತು ಒಂಬತ್ತನೆಯ ತರಗತಿಯ ಪೇಪರು ತಿದ್ದುತ್ತಿದ್ದೇನೆ.